ಡೀಸೆಲ್ ಬಿಟ್ಟು ಹೈಬ್ರಿಡ್ ಹಿಡಿದವರಿಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲೂಕುಗಳ ಟ್ಯಾಕ್ಸಿ ಚಾಲಕರಿಗೆ, ಗಾಡಿ ಮಾಲೀಕರಿಗೆ, ಮನೆಮಂದಿಯ ಓಡಾಟಕ್ಕೆಂದು ದೊಡ್ಡ ಗಾಡಿ ಕೊಂಡವರಿಗೆ,



ಶ್ರೀಕಂಠೇಶ್ವರನ ಗುಡಿಯ ಮುಂದೆ, ನರಸೀಪುರದ ಸಂಗಮದ ದಾರಿಯಲ್ಲಿ, ಮದುವೆ ಛತ್ರಗಳ ಎದುರು ಈಗ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಜತೆಗೇ ಒಂದು ದೂರೂ ನಿಂತಿರುತ್ತದೆ: ‘ಇಪ್ಪತ್ತೇಳು ಕೊಡುತ್ತೆ ಅಂದಿದ್ರು, ಎಲ್ಲಿ ಕೊಡುತ್ತೆ?’ ಸಾಲ ಮಾಡಿ, ಡೀಸೆಲ್ ಗಾಡಿಗಿಂತ ಹೆಚ್ಚು ದುಡ್ಡು ಸುರಿದು ಹೈಬ್ರಿಡ್ ತಂದವರ ಬಾಯಲ್ಲಿ ಈ ಮಾತು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಬಹಳ ಸಲ ಗಾಡಿಯಲ್ಲಿ ಏನೂ ಕೆಟ್ಟಿರುವುದಿಲ್ಲ. ಕ್ವಾಲಿಸ್ ಕಾಲದಿಂದ ನಮ್ಮ ಕೈಕಾಲಿಗೆ ಅಂಟಿಕೊಂಡ ಡೀಸೆಲ್ ಅಭ್ಯಾಸಗಳು ಆ ಗಾಡಿಯ ಲಾಭವನ್ನೆಲ್ಲ ದಾರಿಗೆ ಚೆಲ್ಲುತ್ತಿರುತ್ತವೆ. ಅದನ್ನು ಬಿಡಿಸಿ ಹೇಳಲು ಈ ಪತ್ರ.

ಮೊದಲು ಆ ಇಪ್ಪತ್ತೇಳರ ವಿಚಾರ ಮುಗಿಸಿಬಿಡೋಣ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ., ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ 23.24 ಕಿ.ಮೀ. ಎಂಬುದು ಪರೀಕ್ಷಾಲಯದ ಲೆಕ್ಕ. ಅಲ್ಲಿ ಗಾಡಿ ರೋಲರ್ ಮೇಲೆ ಓಡುತ್ತದೆ, ಗಂಟೆಗೆ 90 ಕಿ.ಮೀ. ಮೀರುವುದಿಲ್ಲ, ಎದುರುಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಬೀಗರಿಲ್ಲ, ಎಸಿ ಇಲ್ಲ. ಜತೆಗೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥನಾಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ ಶಕ್ತಿ ಇರುವುದರಿಂದ ಲೀಟರಿನ ಒಟ್ಟು ಶಕ್ತಿ ಶೇ. 6–7ರಷ್ಟು ತಗ್ಗುತ್ತದೆ. ಕಬ್ಬು ಬೆಳೆಯುವ ಸೀಮೆಯವರು ನಾವು, ಎಥನಾಲಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೈಲೇಜ್ ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಹಾಗಾಗಿ ಬ್ರೋಷರಿನ ಅಂಕಿಯನ್ನು ಹಿಡಿದು ಕೂರುವುದು ಬೇಡ. ನಿಮ್ಮದೇ ಗಾಡಿ, ನಿಮ್ಮದೇ ದಾರಿ, ಅದರಲ್ಲಿ ಇವತ್ತು ಸಿಗುತ್ತಿರುವುದಕ್ಕಿಂತ ಎಷ್ಟು ಹೆಚ್ಚು ತೆಗೆಯಬಹುದು ಅನ್ನುವುದೊಂದೇ ಪ್ರಶ್ನೆ.

ಮೈಲೇಜ್ ಅಂದರೆ ನಮಗೆ ಆಕ್ಸಿಲೇಟರ್ ನೆನಪಾಗುತ್ತದೆ. ಹೈಬ್ರಿಡ್‌ನಲ್ಲಿ ಅದಕ್ಕಿಂತ ಮೊದಲು ನೆನಪಾಗಬೇಕಾದದ್ದು ಬ್ರೇಕ್.

ಲೆಕ್ಕ ನೋಡಿ. ಆಳು, ಸಾಮಾನು ಸೇರಿ ಹೈರೈಡರ್ ತೂಕ 1,400 ಕೆ.ಜಿ. ಅಂದುಕೊಳ್ಳೋಣ. ಅದು 80ರ ವೇಗದಲ್ಲಿ ಹೋಗುವಾಗ ಅದರ ಮೈಯಲ್ಲಿ ತುಂಬಿಕೊಂಡಿರುವ ಓಟದ ಶಕ್ತಿಯನ್ನು ಎಂಜಿನ್ ಹುಟ್ಟಿಸಬೇಕಾದರೆ ಸುಮಾರು 30 ಮಿ.ಲೀ. ಪೆಟ್ರೋಲ್ ಸುಡಬೇಕು. ಇವತ್ತಿನ ದರದಲ್ಲಿ ಮೂರು ರೂಪಾಯಿ. ಮುಂದೆ ಊರು ಬಂತು, ಹಂಪ್ ಬಂತು, ಕೊನೆಗಳಿಗೆಯಲ್ಲಿ ಬ್ರೇಕ್ ತುಳಿದು 15ಕ್ಕೆ ಇಳಿಸಿದಿರಿ ಅನ್ನಿ. ಆ ಮೂರು ರೂಪಾಯಿ ಹೆಚ್ಚೂಕಡಿಮೆ ಪೂರ್ತಿ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಯಿತು. ಡೀಸೆಲ್ ಗಾಡಿಯಲ್ಲಿ ಬ್ರೇಕಿಗೆ ಹೋದದ್ದು ಹೋಯಿತು, ವಾಪಸ್ ತರಲು ದಾರಿಯೇ ಇರಲಿಲ್ಲ. ಹೈಬ್ರಿಡ್‌ನಲ್ಲಿ ಇದೆ. ಬ್ರೇಕನ್ನು ಮೆಲ್ಲಗೆ ಒತ್ತಿದರೆ ಚಕ್ರ ತಿರುಗಿಸುವ ಮೋಟಾರೇ ಜನರೇಟರ್ ಆಗಿ, ಗಾಡಿಯ ಓಟವನ್ನು ಕರೆಂಟ್ ಮಾಡಿ ಬ್ಯಾಟರಿಗೆ ತಳ್ಳುತ್ತದೆ. ಸಾವಕಾಶವಾಗಿ ಇಳಿಸಿದರೆ ಆ ಶಕ್ತಿಯಲ್ಲಿ ಅರ್ಧದಷ್ಟಾದರೂ ಮತ್ತೆ ಚಕ್ರಕ್ಕೆ ಬರುತ್ತದೆ. ಆದರೆ ಬ್ಯಾಟರಿ ಒಂದೇ ಏಟಿಗೆ ನುಂಗುವುದಕ್ಕೂ ಮಿತಿ ಇದೆ. ಧಡಕ್ಕನೆ ಬ್ರೇಕ್ ಹಾಕಿದಿರೋ, ಮಿತಿ ಮೀರಿದ್ದೆಲ್ಲ ಮಾಮೂಲಿ ಬ್ರೇಕ್ ಪ್ಯಾಡಿನ ಪಾಲು.

ಆದ್ದರಿಂದ ಕಲಿಯಬೇಕಾದ ಮೊದಲ ವಿದ್ಯೆ ಕಣ್ಣಿನದು. ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿ ನಿಮಗೆ ಅಂಗೈ ಗೆರೆಯಷ್ಟು ಪರಿಚಿತ: ಬಂಡಿಪಾಳ್ಯದ ಎಪಿಎಂಸಿ ಹತ್ತಿರ ಲಾರಿ ತಿರುಗುತ್ತದೆ, ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ, ಕಡಕೊಳದಲ್ಲಿ ಜನ ಅಡ್ಡ ಬರುತ್ತಾರೆ, ತಾಂಡವಪುರದ ಬಳಿ ಕಾರ್ಖಾನೆಯ ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸು ಬೈಕು ಒಟ್ಟಿಗೆ ನುಗ್ಗುತ್ತವೆ. ಎಲ್ಲಿ ನಿಧಾನ ಮಾಡಬೇಕು ಅನ್ನುವುದು ನಿಮಗೆ ಮೊದಲೇ ಗೊತ್ತು. ಹಾಗಿದ್ದ ಮೇಲೆ ಐವತ್ತು ಮೀಟರ್ ಇರುವಾಗ ಬ್ರೇಕ್ ತುಳಿಯುವ ಬದಲು ಮುನ್ನೂರು ಮೀಟರ್ ಇರುವಾಗಲೇ ಆಕ್ಸಿಲೇಟರಿನಿಂದ ಕಾಲು ತೆಗೆಯಿರಿ. ಎಂಜಿನ್ ತಾನಾಗಿ ನಿಲ್ಲುತ್ತದೆ. ಮೀಟರಿನ ಮುಳ್ಳು ‘ಚಾರ್ಜ್’ ಕಡೆಗೆ ಇಳಿಯುವುದು ಕಾಣುತ್ತದೆ. ಆಮೇಲೆ ಬ್ರೇಕ್ ಮೇಲೆ ಕಾಲಿನ ಭಾರ ಮಾತ್ರ ಇಟ್ಟರೆ ಮುಳ್ಳು ಇನ್ನಷ್ಟು ಕೆಳಗೆ ಹೋಗುತ್ತದೆ. ಅದು ಆ ವಲಯದ ತುದಿಗೆ ಬಡಿಯದಂತೆ, ಸ್ವಲ್ಪ ಮೇಲೇ ನಿಲ್ಲುವಂತೆ ಕಾಲನ್ನು ಹದ ಮಾಡಿಕೊಳ್ಳಿ. ನಾಲ್ಕು ದಿನ ಕಷ್ಟ ಅನ್ನಿಸುತ್ತದೆ, ಆಮೇಲೆ ಮುಳ್ಳು ನೋಡುವ ಅಗತ್ಯವೇ ಬೀಳುವುದಿಲ್ಲ. ಹಿಂದೆ ಕೂತವರ ತಲೆ ಮುಂದಕ್ಕೆ ಜೋಲಿ ಹೊಡೆಯಲಿಲ್ಲ ಅಂದರೆ ಬ್ರೇಕ್ ಸರಿಯಾಗಿ ಬಿತ್ತು ಅಂತಲೇ ಅರ್ಥ.

ಈಗ ಅತ್ಯಂತ ಹಾನಿ ಮಾಡುವ ಅಭ್ಯಾಸಕ್ಕೆ ಬರುತ್ತೇನೆ. ಇಳಿಜಾರು ಸಿಕ್ಕ ಕೂಡಲೇ ನ್ಯೂಟ್ರಲ್‌ಗೆ ಬಿಡುವುದು. ಸುಮೋ, ಕ್ವಾಲಿಸ್ ಓಡಿಸಿದವರಲ್ಲಿ ಇದನ್ನು ಮಾಡದವರು ಕಡಿಮೆ. ಆಗಲೂ ಅದು ಅಪಾಯವೇ ಆಗಿತ್ತು, ಹೈಬ್ರಿಡ್‌ನಲ್ಲಿ ಅಪಾಯದ ಜತೆ ನಷ್ಟವೂ ಸೇರುತ್ತದೆ. ಈ ಗಾಡಿ ನ್ಯೂಟ್ರಲ್‌ನಲ್ಲಿದ್ದಾಗ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ. ಬೆಟ್ಟ ಪುಕ್ಕಟೆ ಕೊಡುವ ಶಕ್ತಿಯನ್ನು ತೆಗೆದುಕೊಳ್ಳುವ ಬಾಗಿಲನ್ನೇ ಮುಚ್ಚಿದ ಹಾಗಾಯಿತು. ಚಾಮುಂಡಿ ಬೆಟ್ಟವನ್ನೇ ತೆಗೆದುಕೊಳ್ಳಿ. ತುದಿಯಿಂದ ಮೈಸೂರಿನ ಮಟ್ಟಕ್ಕೆ ಸುಮಾರು 300 ಮೀಟರ್ ಇಳಿತ. ಅದೇ 1,400 ಕೆ.ಜಿ. ಗಾಡಿ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ 1.1 ಯೂನಿಟ್ ಕರೆಂಟಿಗೆ ಸಮ. ಹೈರೈಡರ್ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 0.76 ಯೂನಿಟ್, ಅದರಲ್ಲೂ ಗಾಡಿ ಬಳಸುವುದು ನಡುವಿನ ಒಂದು ಪಾಲು ಮಾತ್ರ. ರಸ್ತೆ, ಗಾಳಿ ಕಸಿದುಕೊಂಡದ್ದನ್ನು ಕಳೆದರೂ ಬುಡ ತಲುಪುವ ಮೊದಲೇ ಬ್ಯಾಟರಿ ತುಂಬಿರುತ್ತದೆ. ‘ಡಿ’ಯಲ್ಲಿಟ್ಟು ಇಳಿದವನು ಆಮೇಲೆ ಊರೊಳಗೆ ಎಷ್ಟೋ ದೂರ ಎಂಜಿನ್ ಇಲ್ಲದೆ ಹೋಗುತ್ತಾನೆ. ನ್ಯೂಟ್ರಲ್‌ನಲ್ಲಿ ಇಳಿದವನಿಗೆ ಬುಡದಲ್ಲಿ ಸಿಗುವುದು ಕಾದ ಬ್ರೇಕ್ ಮಾತ್ರ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿ ಕಾಯುವುದೂ ಬೇಡ, ‘ಡಿ’ಯಲ್ಲೇ ಬ್ರೇಕ್ ಹಿಡಿದಿರಿ ಅಥವಾ ನಿಲುಗಡೆ ಉದ್ದವಾದರೆ ‘ಪಿ’ಗೆ ಹಾಕಿ.

ಇನ್ನೂ ಉದ್ದದ ಇಳಿಜಾರು, ಮಲೆ ಮಹದೇಶ್ವರ ಬೆಟ್ಟದ್ದೋ ಊಟಿಯದೋ ಆದರೆ ಬ್ಯಾಟರಿ ನಡುದಾರಿಯಲ್ಲೇ ತುಂಬಿಬಿಡುತ್ತದೆ. ಆಮೇಲೆ ಗಾಡಿಯನ್ನು ತಡೆಯುವ ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೆ. ಹೈರೈಡರ್‌ನಂಥ ಗಾಡಿಯ ಗೇರ್ ಸಾಲಿನಲ್ಲಿ ‘ಬಿ’ ಅಂತ ಇರುವುದು ಇದಕ್ಕೇ. ಅದನ್ನು ಹಾಕಿದರೆ ಎಂಜಿನ್ನನ್ನು ಪೆಟ್ರೋಲ್ ಇಲ್ಲದೆ ತಿರುಗಿಸಿ ಗಾಡಿಯನ್ನು ಹಿಡಿಯುತ್ತದೆ. ಎಂಜಿನ್ ಜೋರಾಗಿ ಕೂಗುತ್ತದೆ, ಹೆದರಬೇಡಿ. ಆದರೆ ‘ಬಿ’ ಹಾಕಿದರೆ ಚಾರ್ಜ್ ಹೆಚ್ಚು ಅಂತ ನಂಬಿ ಬಯಲು ದಾರಿಯಲ್ಲೂ ಅದರಲ್ಲೇ ಓಡಿಸುವವರಿದ್ದಾರೆ. ಅದರಿಂದ ಲಾಭವಿಲ್ಲ. ‘ಬಿ’ ಘಾಟಿಗೆ, ಬಯಲಿಗೆ ‘ಡಿ’.

ಆಕ್ಸಿಲೇಟರಿನ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆ ಹರಡಿದೆ: ಎಂಜಿನ್ ಸ್ಟಾರ್ಟ್ ಆಗದ ಹಾಗೆ ಓಡಿಸಿದರೆ ಪೆಟ್ರೋಲ್ ಉಳಿಯುತ್ತದೆ ಅಂತ. ‘ಇವಿ’ ದೀಪ ಆರಬಾರದು ಅಂತ ಹಠ ಹಿಡಿದು, ಹಿಂದೆ ಬರುವವರು ಹಾರ್ನ್ ಹೊಡೆದರೂ ಮೂವತ್ತರಲ್ಲೇ ತೆವಳುವವರನ್ನು ನೋಡಿದ್ದೇನೆ. ಹೈಬ್ರಿಡ್‌ನ ಬ್ಯಾಟರಿ ಬಿಂದಿಗೆ, ಕೆರೆಯಲ್ಲ. ಮನೆಯಲ್ಲಿ ಪ್ಲಗ್ ಹಾಕಿ ತುಂಬುವ ಹಾಗೂ ಇಲ್ಲ. ಅದರಲ್ಲಿರುವ ಕರೆಂಟ್ ಬ್ರೇಕಿನಿಂದ ಬಂದಿದ್ದರೆ ಪುಕ್ಕಟೆ, ಎಂಜಿನ್ನಿಂದ ಬಂದಿದ್ದರೆ ಪೆಟ್ರೋಲಿನದೇ. ಎಂಜಿನ್ನಿಂದ ಜನರೇಟರಿಗೆ, ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ ಹೋಗುವಾಗ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಸೋರುತ್ತದೆ. ಹಠ ಹಿಡಿದು ಬ್ಯಾಟರಿ ಬರಿದು ಮಾಡಿದರೆ, ಅದನ್ನು ತುಂಬಲು ಎಂಜಿನ್ ಆಮೇಲೆ ಹೆಚ್ಚೇ ದುಡಿಯುತ್ತದೆ.

ಸರಿಯಾದ ಕ್ರಮ ಇದರ ತದ್ವಿರುದ್ಧ. ನಿಂತಲ್ಲಿಂದ ಹೊರಡುವಾಗ ಮೊದಲ ಉರುಳನ್ನು ಮೋಟಾರಿಗೆ ಬಿಡಿ. ಆಮೇಲೆ ಹಿಂಜರಿಯದೆ ಆಕ್ಸಿಲೇಟರ್ ಕೊಡಿ, ಮುಳ್ಳು ‘ಇಕೋ’ ವಲಯದ ಮೇಲಿನ ಅರ್ಧದಲ್ಲಿರಲಿ, ‘ಪವರ್’ಗೆ ಹತ್ತದಿರಲಿ. ಹೈರೈಡರ್‌ನ 1.5 ಲೀಟರ್ ಎಂಜಿನ್ ಸಾಧಾರಣ ಭಾರ ಹೊತ್ತಾಗಲೇ ಪೆಟ್ರೋಲನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಹಗುರ ಕೆಲಸದಲ್ಲಿ ಅದು ದುಬಾರಿ. ಬೇಕಾದ ವೇಗ ಬಂದ ಕೂಡಲೇ ಕಾಲು ಪೂರ್ತಿ ಎತ್ತಿ, ಎಂಜಿನ್ ನಿಂತ ಮೇಲೆ ಮತ್ತೆ ಸೂಕ್ಷ್ಮವಾಗಿ ತಾಗಿಸಿ. ಸಮತಟ್ಟಾದ ರಸ್ತೆಯಲ್ಲಿ ಐವತ್ತು ಅರವತ್ತರ ವೇಗದಲ್ಲಿ ಗಾಡಿ ಸದ್ದಿಲ್ಲದೆ ತೇಲುತ್ತದೆ. ವೇಗ ತುಸು ಇಳಿದಾಗ ಮತ್ತೆ ಎಂಜಿನ್. ವರುಣಾ ಕೆರೆ ದಾಟಿ ಗರ್ಗೇಶ್ವರಿ ಕಡೆಗೆ ಹೋಗುವ ನರಸೀಪುರದ ದಾರಿ, ನಾಲೆ ಬಯಲಿನ ಭತ್ತದ ಗದ್ದೆಗಳ ನಡುವೆ ಸಮವಾಗಿ ಸಾಗುವ ಕಡೆಗಳಲ್ಲಿ, ಈ ಓಟಕ್ಕೆ ಹೇಳಿ ಮಾಡಿಸಿದ್ದು.

ಕಬ್ಬು ಕಡಿಯುವ ಕಾಲದಲ್ಲಿ ನೀವೆಲ್ಲ ಬೈಯುವ ದೃಶ್ಯವೊಂದಿದೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬಿನ ತುದಿ, ಇಪ್ಪತ್ತೈದರ ವೇಗ. ಡೀಸೆಲ್ ಗಾಡಿಯವನಿಗೆ ಅದು ನರಕ: ಎರಡನೇ ಗೇರ್, ಮೂರನೇ ಗೇರ್, ಕ್ಲಚ್, ಹೊಗೆ. ಹೈಬ್ರಿಡ್‌ನವನಿಗೆ ಅದೇ ಲಾಭದ ಹೊತ್ತು. ಆ ವೇಗದಲ್ಲಿ ಎಂಜಿನ್ ಬಹುಪಾಲು ಮಲಗಿಯೇ ಇರುತ್ತದೆ. ಆದ್ದರಿಂದ ಅದರ ಬಾಲಕ್ಕೆ ಅಂಟಿಕೊಂಡು ಬ್ರೇಕ್, ಆಕ್ಸಿಲೇಟರ್ ಅಂತ ಒದ್ದಾಡಬೇಡಿ. ನಾಲ್ಕಾರು ಗಾಡಿಯಷ್ಟು ಅಂತರ ಬಿಟ್ಟು ಹಿಂದೆ ಉರುಳಿ. ಎದುರು ರಸ್ತೆ ಪೂರ್ತಿ ಖಾಲಿ ಕಂಡಾಗ ಮಾತ್ರ ಹಿಂದಿಕ್ಕಿ, ಹಿಂದಿಕ್ಕುವಾಗ ಮೈಲೇಜ್ ಯೋಚನೆಯನ್ನೇ ಬಿಟ್ಟು ಆಕ್ಸಿಲೇಟರ್ ಒತ್ತಿ. ನರಸೀಪುರದಾಚೆ ಕುರುಬೂರಿನ ಬಳಿ 2023ರ ಮೇ 29ರಂದು ಇನ್ನೋವಾಕ್ಕೂ ಬಸ್ಸಿಗೂ ಡಿಕ್ಕಿಯಾಗಿ ಹತ್ತು ಜನ ಹೋದರು. ಆ ದಾರಿಯಲ್ಲಿ ದಿನಾ ಓಡಾಡುವವರು ನೀವು. ಪೆಟ್ರೋಲ್ ಉಳಿಸಲು ಬಸ್ಸಿನ ಹಿಂದೆ ಗಾಳಿ ಮರೆಗೆ ಅಂಟಿಕೊಂಡು ಹೋಗುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಜಾತ್ರೆ, ಹುಣ್ಣಿಮೆ, ಸೋಮವಾರಗಳಂದು ನಂಜನಗೂಡಿನ ರಥಬೀದಿ ಸುತ್ತಲಿನ ಜನಸಂದಣಿಯೂ ಹಾಗೆಯೇ. ಸುತ್ತೂರು ಜಾತ್ರೆಯಲ್ಲಿ, ಮೂರು ವರ್ಷಕ್ಕೊಮ್ಮೆ ನರಸೀಪುರದ ಕುಂಭಮೇಳದಲ್ಲಿ ಗಾಡಿ ಆಮೆಯಂತೆ ಸಾಗುವಾಗ ಹೈಬ್ರಿಡ್ ಮೋಟಾರಿನಲ್ಲೇ ತೆವಳಬಲ್ಲದು. ಇಲ್ಲಿ ಪೆಟ್ರೋಲಿಗಿಂತ ದೊಡ್ಡ ಎಚ್ಚರ ಬೇಕು: ಗಾಡಿ ಬಂದದ್ದು ಜನರಿಗೆ ಅಷ್ಟಾಗಿ ಕೇಳಿಸುವುದಿಲ್ಲ. ಎಂಜಿನ್ ಸದ್ದಿಗೆ ಸರಿಯುವ ಅಭ್ಯಾಸದ ಅಜ್ಜಿ, ಮಗು, ದನ, ಯಾರೂ ಸರಿಯುವುದಿಲ್ಲ. ಹಾರ್ನ್ ಹೊಡೆದು ಬೆಚ್ಚಿಬೀಳಿಸುವ ಬದಲು ನಡಿಗೆಯ ವೇಗಕ್ಕೆ ಇಳಿಯಿರಿ.

ಹೆದ್ದಾರಿಯ ವೇಗದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಎರಡೂ ಊರುಗಳು ಒಂದೇ ಹೆದ್ದಾರಿಯ ಮೇಲಿವೆ. ಮೊದಲು 212 ಅನ್ನುತ್ತಿದ್ದೆವು, ಈಗ 766. ಕೇರಳದ ಕೋಯಿಕ್ಕೋಡ್‌ನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರ ಹಾದು ಕೊಳ್ಳೇಗಾಲ ಮುಟ್ಟುತ್ತದೆ. ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ, 2009ರಿಂದಲೂ ಹೀಗೇ. ಎಲ್ಲರಿಗೂ ಗೊತ್ತಿರುವ ಈ ನಿಯಮ ಪ್ರತಿ ಸಂಜೆ ನಂಜನಗೂಡು ದಾಟಿದ ಮೇಲೆ ಪೆಟ್ರೋಲ್ ಸುಡಿಸುತ್ತದೆ. ಮೈಸೂರಿನಲ್ಲಿ ಊಟ, ಶಾಪಿಂಗ್ ಅಂತ ತಡ ಮಾಡಿದ ಪಾರ್ಟಿ ‘ಗೇಟ್ ಹಾಕೋದ್ರೊಳಗೆ ಹೋಗ್ಬೇಕು’ ಅನ್ನುತ್ತದೆ, ಚಾಲಕ ನೂರು, ನೂರಹತ್ತರಲ್ಲಿ ಅಟ್ಟುತ್ತಾನೆ. ನಂಜನಗೂಡಿನಿಂದ ಗುಂಡ್ಲುಪೇಟೆಗೆ 35 ಕಿ.ಮೀ. ಆಸುಪಾಸು. 80ರ ಬದಲು ನಿರಂತರವಾಗಿ 100ರಲ್ಲಿ ಹೋಗಲು ಸಾಧ್ಯವಾದರೂ ಉಳಿಯುವುದು ಐದು ನಿಮಿಷ. ಗಾಳಿಯ ತಡೆ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು, ಯಾಕೆಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎತ್ತರದ ಎದೆಯ ಎಸ್‌ಯುವಿಗೆ ಇದು ಸಣ್ಣ ಹೊರೆಯಲ್ಲ. ಆ ವೇಗದಲ್ಲಿ ಎಂಜಿನ್ನಿಗೆ ಬಿಡುವೇ ಸಿಗುವುದಿಲ್ಲ, ಮೋಟಾರು ಬ್ಯಾಟರಿಗಳೆಲ್ಲ ಹೊತ್ತು ತಿರುಗುವ ತೂಕ ಅಷ್ಟೇ. ಹೈಬ್ರಿಡ್ ಊರೊಳಗೆ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ ಕೊಡುತ್ತದೆ ಅನ್ನುವುದು ಡೀಸೆಲ್ ಓಡಿಸಿದವರಿಗೆ ಉಲ್ಟಾ ಕಾಣುತ್ತದೆ. ಆದರೆ ನಿಜ. 75–80ರಲ್ಲಿ ಕೂತರೆ ವ್ಯತ್ಯಾಸ ಟ್ಯಾಂಕಿನಲ್ಲೇ ಕಾಣುತ್ತದೆ. ಹೊರಡುವ ಹೊತ್ತನ್ನು ಪಾರ್ಟಿಗೆ ಮೊದಲೇ ಖಡಕ್ಕಾಗಿ ಹೇಳುವುದೂ ಮೈಲೇಜ್ ತೆಗೆಯುವ ವಿದ್ಯೆಯ ಭಾಗವೇ. ಕಾಡಿನೊಳಗೆ ಹೊಕ್ಕ ಮೇಲೆ ಆ ಸಾಲು ಹಂಪ್‌ಗಳಲ್ಲಿ ಬ್ರೇಕ್ ಬಗ್ಗೆ ಮೇಲೆ ಹೇಳಿದ್ದನ್ನೆಲ್ಲ ಮಾಡಿ. ಜಿಂಕೆಗೂ ಒಳ್ಳೆಯದು.

ಉಳಿದವು ಸಣ್ಣವು, ಬೇಗ ಹೇಳುತ್ತೇನೆ. ಟೈರ್ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯ ಪ್ರಕಾರ ನೋಡಿ. ಶಬರಿಮಲೆಗೆ ಕಟ್ಟಿದ ಮೇಲಿನ ಕ್ಯಾರಿಯರ್ ಶಿವರಾತ್ರಿ ಕಳೆದರೂ ಬಿಚ್ಚದೆ ಓಡಾಡುವುದು ಬೇಡ. ಎಸಿ 25ರಲ್ಲಿರಲಿ. ಈ ಗಾಡಿಯ ಎಸಿ ಬ್ಯಾಟರಿಯಿಂದಲೇ ಓಡುತ್ತದೆ, ಛತ್ರದ ಮುಂದೆ ಎಸಿ ಹಾಕಿಕೊಂಡು ಮಲಗಿದರೆ ಬ್ಯಾಟರಿ ತುಂಬಲು ಎಂಜಿನ್ ಮೇಲಿಂದ ಮೇಲೆ ಏಳುತ್ತದೆ. ಬೆಳಿಗ್ಗೆ ಹಾಲಿಗೊಮ್ಮೆ, ಪೇಪರಿಗೊಮ್ಮೆ, ಮಗುವನ್ನು ಸ್ಕೂಲಿಗೆ ಬಿಡಲೊಮ್ಮೆ ಅಂತ ಗಾಡಿ ತೆಗೆದರೆ ಎಂಜಿನ್ ಬಿಸಿಯಾಗುವಷ್ಟರಲ್ಲಿ ಓಟ ಮುಗಿದಿರುತ್ತದೆ, ಪೆಟ್ರೋಲ್ ಬರಿ ಎಂಜಿನ್ ಕಾಯಿಸಲು ಹೋಗುತ್ತದೆ. ಒಂದೇ ಸುತ್ತಿನಲ್ಲಿ ಎಲ್ಲ ಮುಗಿಸಿ.

ಒಂದನ್ನು ಮಾತ್ರ ಸ್ವಲ್ಪ ಒತ್ತಿ ಹೇಳಬೇಕು. ಹೈಬ್ರಿಡ್ ಬ್ಯಾಟರಿಗೆ ತಂಪು ಬೇಕು. ಅದು ಗಾಡಿಯ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುವ ಮಾದರಿಯಾದರೆ ಅದಕ್ಕೊಂದು ಜಾಲರಿ ಇರುತ್ತದೆ. ಅದು ಎಲ್ಲಿದೆ ಅಂತ ಗಾಡಿಯ ಜತೆ ಬಂದ ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿರುತ್ತಾರೆ, ಇವತ್ತೇ ತೆಗೆದು ನೋಡಿ. ನಮ್ಮ ಕಡೆ ಹುರುಳಿ, ರಾಗಿ ಒಕ್ಕಣೆಗೆ ರಸ್ತೆಯೇ ಕಣ. ಕಿಟಕಿ ತೆರೆದು ಆ ಧೂಳಲ್ಲಿ ಹಾದರೆ ಹೊಟ್ಟು ಬಂದು ಕೂರುವುದು ಆ ಜಾಲರಿಯಲ್ಲೇ. ಅದರ ಮೇಲೆ ರಸಬಾಳೆ ಗೊನೆ, ಅಕ್ಕಿ ಚೀಲ, ಬ್ಯಾಗು ಒರಗಿಸಿದರೆ ಬ್ಯಾಟರಿ ಕಾಯುತ್ತದೆ. ಕಾದ ಬ್ಯಾಟರಿಯನ್ನು ಕಾಪಾಡಲು ಗಾಡಿಯೇ ಅದರ ಬಳಕೆಯನ್ನು ತಗ್ಗಿಸುತ್ತದೆ, ಎಂಜಿನ್ನಿನ ಕೆಲಸ ಹೆಚ್ಚುತ್ತದೆ. ಮೈಲೇಜ್ ಯಾಕೋ ಬಿದ್ದುಹೋಯಿತು ಅನ್ನುವವರು ಸರ್ವೀಸಿಗೆ ಓಡುವ ಮೊದಲು ಈ ಜಾಲರಿ ಒರೆಸಿ ನೋಡಿ. ಇನ್ನು ರಸ್ತೆಯ ಮೇಲೆ ಹರಡಿದ ಹುರುಳಿ ಸೊಪ್ಪಿನ ಮೇಲೆ ಗಾಡಿ ಹತ್ತಿಸುವುದಂತೂ ಬೇಡವೇ ಬೇಡ. ಅಡಿಗೆ ಸುತ್ತಿಕೊಂಡ ಒಣ ಬಳ್ಳಿ ಬಿಸಿ ತಗುಲಿ ಹೊತ್ತಿಕೊಳ್ಳುತ್ತದೆ.

ಅಳತೆ ಮಾಡುವಾಗ ಡಿಸ್‌ಪ್ಲೇ ತೋರಿಸುವ ಸರಾಸರಿಯನ್ನು ನೆಚ್ಚಬೇಡಿ. ಒಂದೇ ಬಂಕಿನಲ್ಲಿ, ಪೈಪ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಮುಂದಿನ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ನಾಲ್ಕು ಟ್ಯಾಂಕ್ ಒಟ್ಟು ಸೇರಿಸಿದರೆ ಸುಳ್ಳು ಹೇಳದ ಅಂಕಿ ಸಿಗುತ್ತದೆ.

ಕೊನೆಗೆ ಮಾಲೀಕರಿಗೆ. ಈ ಹೈರೈಡರ್, ಹೈಕ್ರಾಸ್, ಗ್ರ್ಯಾಂಡ್ ವಿಟಾರಾ ತಯಾರಾಗುವುದು ನಮ್ಮದೇ ಬಿಡದಿಯಲ್ಲಿ. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಜತೆ ರಸ್ತೆಗಿಳಿದ ತಂತ್ರ ಇವತ್ತು ಮೈಸೂರು ರಸ್ತೆಯ ಪಕ್ಕದಲ್ಲೇ ಜೋಡಣೆಯಾಗಿ ನಿಮ್ಮ ಮನೆ ಬಾಗಿಲಿಗೆ ಬರುತ್ತಿದೆ. ಆದರೆ ಕೀ ಕೈಗೆ ಕೊಡುವಾಗ ಬ್ಲೂಟೂತ್ ಜೋಡಿಸುವುದನ್ನು ಹೇಳಿಕೊಡುತ್ತಾರೆಯೇ ಹೊರತು, ಬ್ರೇಕ್ ಹೇಗೆ ಒತ್ತಬೇಕು ಅಂತ ಚಾಲಕನನ್ನು ಪಕ್ಕ ಕೂರಿಸಿಕೊಂಡು ಹೇಳುವವರು ಅಪರೂಪ. ಅದನ್ನು ಕೇಳಿ ಪಡೆಯಿರಿ, ನಿಮಗೆ ಹಕ್ಕಿದೆ. ‘ಒಂದೂವರೆ ಗಂಟೆಯಲ್ಲಿ ಬಂದುಬಿಡು’ ಅಂತ ಫೋನಿನಲ್ಲಿ ಅವಸರಿಸಿ, ತಿಂಗಳ ಕೊನೆಗೆ ಪೆಟ್ರೋಲ್ ಬಿಲ್ ಹಿಡಿದು ಚಾಲಕನನ್ನು ಬೈಯುವುದು ನ್ಯಾಯವಲ್ಲ. ಅದಕ್ಕಿಂತ ಈ ತಿಂಗಳ ಸರಾಸರಿಯನ್ನು ಬರೆದಿಡಿ. ಮುಂದಿನ ತಿಂಗಳು ಚಾಲಕ ಅದಕ್ಕಿಂತ ಹೆಚ್ಚು ತೆಗೆದರೆ ಉಳಿದ ಪೆಟ್ರೋಲಿನ ದುಡ್ಡಿನಲ್ಲಿ ಅರ್ಧ ಅವನ ಕೈಗಿಡಿ. ತಿಂಗಳಿಗೆ ಮೂರು ಸಾವಿರ ಕಿ.ಮೀ. ಓಡುವ ಗಾಡಿ ಲೀಟರಿಗೆ 17ರಿಂದ 21ಕ್ಕೆ ಏರಿದರೆ ಉಳಿಯುವುದು 33 ಲೀಟರ್, ಮೂರು ಸಾವಿರ ರೂಪಾಯಿ ಮೇಲೆ. ಒಂದೂವರೆ ಸಾವಿರ ನಿಮಗೆ, ಒಂದೂವರೆ ಸಾವಿರ ಅವನ ಮನೆಗೆ. ಈ ಒಪ್ಪಂದವನ್ನು ಮುಂದಿನ ತಿಂಗಳ ಒಂದನೇ ತಾರೀಕಿನಿಂದಲೇ ಶುರು ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ದಾರಿಯಲ್ಲೇ ಗಾಡಿ ಓಡಿಸುವ ಗೆಳೆಯ